ಟೆಕ್ ಕಂಪನಿಯ ಎಚ್‌ಆರ್ ಕೆಲಸದಲ್ಲಿ ಇಪ್ಪತ್ತು ವರ್ಷ ನಿಲ್ಲುವುದು ಹೇಗೆ?

ಎಚ್‌ಆರ್, ಅಂದರೆ ಕಂಪನಿಯಲ್ಲಿ ಜನರ ನೇಮಕ, ಸಂಬಳ, ದೂರು ಎಲ್ಲ ನೋಡಿಕೊಳ್ಳುವ ವಿಭಾಗ. ಅದರ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮೂರೇ ಬಗೆಯವು. "ನಾನು ಎಂಜಿನಿಯರಿಂಗ್ ಓದಿಲ್ಲ, ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಆಗಬಹುದಾ?" "ಐದು ವರ್ಷದಿಂದ ರಿಕ್ರೂಟರ್ ಆಗಿದ್ದೇನೆ, ಮುಂದೇನು?" "ಎಐ ಬಂತಲ್ಲ, ಇನ್ನು ಈ ಕೆಲಸ ಇರುತ್ತಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಸೇರಿಸಿದ್ದೇನೆ.

ಈ ಕೆಲಸಕ್ಕೆ ಸೇರುವುದು ಅಷ್ಟೇನೂ ಕಷ್ಟವಲ್ಲ. ಉಳಿಯುವುದು ಕಷ್ಟ. ಟೆಕ್ ಕಂಪನಿಗಳು ಕೆಲವು ವರ್ಷ ಸಿಕ್ಕಾಪಟ್ಟೆ ಜನರನ್ನು ತೆಗೆದುಕೊಳ್ಳುತ್ತವೆ. ಆಮೇಲೆ ಒಂದು ದಿನ ಏಕಾಏಕಿ ನಿಲ್ಲಿಸುತ್ತವೆ. ಹಾಗೆ ನಿಲ್ಲಿಸಿದ ದಿನವೂ "ಇದಕ್ಕೇನು ಮಾಡೋಣ?" ಎಂದು ಕೇಳಿಕೊಂಡು ಯಾರಾದರೂ ನಿಮ್ಮ ಹತ್ತಿರ ಬರುತ್ತಾರಾ? ಬರುವುದಾದರೆ ನೀವು ಉಳಿಯುವ ಸಾಧ್ಯತೆ ಜಾಸ್ತಿ. ಕೆಳಗಿನ ಹಂತಗಳೆಲ್ಲ ಆ ಒಂದು ದಿನಕ್ಕೆ ಮಾಡಿಕೊಳ್ಳುವ ತಯಾರಿ.

ಶುರು ಮಾಡುವ ಮುಂಚೆ ಏನು ಬೇಕು?

ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಮನಃಶಾಸ್ತ್ರ, ವಾಣಿಜ್ಯ, ಸಾಹಿತ್ಯ ಓದಿದವರೂ ಈ ಕೆಲಸದಲ್ಲಿ ಚೆನ್ನಾಗಿ ಬೆಳೆದಿದ್ದಾರೆ. ಬೇಕಾದದ್ದು ಬೇರೆ. ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರಬೇಕು. ಎರಡು ಅರ್ಥ ಬಾರದ ಹಾಗೆ ಒಂದು ಇಮೇಲ್ ಬರೆಯಲು ಬರಬೇಕು. ಸ್ಪ್ರೆಡ್‌ಶೀಟ್ ತೆರೆದರೆ ಕೈ ನಡುಗಬಾರದು. "ನಂಗೆ ಜನರ ಜೊತೆ ಮಾತಾಡೋದು ಇಷ್ಟ, ಅದಕ್ಕೇ ಎಚ್‌ಆರ್" ಎಂದು ಹೇಳುವವರು ಬಹಳ ಮಂದಿ. ಮಾತಾಡುವುದು ಇಷ್ಟವಾದರೆ ಸಾಲದು. ಜನ ಕೋಪದಲ್ಲಿ, ಅಳುತ್ತಾ ಮಾತಾಡುವಾಗ ಸುಮ್ಮನೆ ಕೂತು ಕೇಳಲು ಆಗಬೇಕು.

ಸರ್ಟಿಫಿಕೇಟ್ ಬಗ್ಗೆ ತುಂಬಾ ಜನ ಕೇಳುತ್ತಾರೆ, ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ 1948ರಲ್ಲಿ ಶುರುವಾದ ಎಸ್‌ಎಚ್‌ಆರ್‌ಎಂ ಎಂಬ ಸಂಘ, ಅಲ್ಲಿಯದೇ ಆದ ಎಚ್‌ಆರ್‌ಸಿಐ, ಬ್ರಿಟನ್ನಿನ ಸಿಐಪಿಡಿ, ಇವೆಲ್ಲ ಎಚ್‌ಆರ್ ಕೆಲಸಕ್ಕೆ ಸರ್ಟಿಫಿಕೇಟ್ ಕೊಡುತ್ತವೆ. ಎಸ್‌ಎಚ್‌ಆರ್‌ಎಂ ಸರ್ಟಿಫಿಕೇಟನ್ನು 3 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದ ಮೇಲೆ ಮಾಡಿದರೆ ಓದಿದ್ದು ತಲೆಗೆ ಹತ್ತುತ್ತದೆ. ಮೊದಲೇ ಮಾಡಿದರೆ ಬರೀ ಉರು ಹೊಡೆದಂತಾಗುತ್ತದೆ.

ಇನ್ನು ಈ ವಿಭಾಗದ ಒಳಗೆ ಇರುವ ಕೋಣೆಗಳು. ಜನರನ್ನು ಹುಡುಕಿ ಸೇರಿಸಿಕೊಳ್ಳುವವರು ರಿಕ್ರೂಟರ್‌ಗಳು. ಸಂಬಳ, ರಜೆ, ಕಾಗದಪತ್ರ ನೋಡುವುದು ಎಚ್‌ಆರ್ ಆಪರೇಷನ್ಸ್. ಯಾವ ಹುದ್ದೆಗೆ ಎಷ್ಟು ಸಂಬಳ, ಏನು ಸೌಲಭ್ಯ ಎಂದು ಲೆಕ್ಕ ಹಾಕುವವರು ಸಿ ಅಂಡ್ ಬಿ. ತರಬೇತಿಯವರು ಎಲ್ ಅಂಡ್ ಡಿ. ಒಂದು ತಂಡದ ಮುಖ್ಯಸ್ಥರ ಜೊತೆಗೇ ಇದ್ದು ಆ ತಂಡದ ಜನರ ವಿಷಯವನ್ನೆಲ್ಲ ನೋಡಿಕೊಳ್ಳುವವರು ಬಿಸಿನೆಸ್ ಪಾರ್ಟ್‌ನರ್, ಚಿಕ್ಕದಾಗಿ ಎಚ್‌ಆರ್‌ಬಿಪಿ. ಈ ಕೊನೆಯ ಪಾತ್ರ ಇಷ್ಟು ಹರಡಿದ್ದಕ್ಕೆ ಅಮೆರಿಕದ ಪ್ರಾಧ್ಯಾಪಕ ಡೇವ್ ಉಲ್ರಿಚ್ 1990ರ ದಶಕದಲ್ಲಿ ಬರೆದ ವಿಚಾರಗಳು ದೊಡ್ಡ ಕಾರಣ. ಸಣ್ಣ ಕಂಪನಿಯಲ್ಲಿ ಇದೆಲ್ಲವನ್ನೂ ಒಬ್ಬರೇ ಮಾಡುತ್ತಾರೆ.

ಹಂತ 1: ಮೊದಲ ಎರಡು ವರ್ಷ, ಎಂಜಿನಿಯರ್‌ಗಳು ಏನು ಮಾಡುತ್ತಾರೆ ಎಂದು ಕಲಿಯಿರಿ

ಹೆಚ್ಚಿನವರು ಒಳಗೆ ಬರುವುದು ರಿಕ್ರೂಟಿಂಗ್ ಅಥವಾ ಆಪರೇಷನ್ಸ್ ಬಾಗಿಲಿನಿಂದ. ಎರಡೂ ಒಳ್ಳೆಯದೇ. ಆದರೆ ಎಚ್‌ಆರ್ ಕೆಲಸವನ್ನಷ್ಟೇ ಕಲಿತು, ಕಂಪನಿ ಏನು ಮಾಡಿ ಬದುಕುತ್ತಿದೆ ಎನ್ನುವುದನ್ನು ಕಲಿಯದೆ ಹೋದರೆ ಎಂಜಿನಿಯರ್‌ಗಳ ಕಣ್ಣಿನಲ್ಲಿ ನೀವು ಫಾರ್ಮ್ ತುಂಬಿಸಿಕೊಳ್ಳುವವರಾಗಿಯೇ ಉಳಿಯುತ್ತೀರಿ.

ಕೋಡ್ ಬರೆಯಲು ಕಲಿಯಬೇಕಿಲ್ಲ. ಹೀಗೆ ಮಾಡಿ. ವಾರಕ್ಕೊಬ್ಬ ಎಂಜಿನಿಯರ್ ಹತ್ತಿರ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. "ನಿಮ್ಮ ಕೆಲಸ ವಿವರಿಸಿ" ಎನ್ನಬೇಡಿ, ಅದಕ್ಕೆ ಸಿಗುವುದು ಪಾಠದ ಹಾಗಿರುವ ಉತ್ತರ. "ಹೋದ ವಾರ ಎಲ್ಲಿ ಸಿಕ್ಕಿಹಾಕಿಕೊಂಡಿರಿ?" ಎಂದು ಕೇಳಿ. ಆಗ ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ತಿದ್ದುವುದು, ಯಾಕೆ ಮೂರು ದಿನ ನಿಂತಿತು ಎಂದು ಹೇಳುತ್ತಾರೆ. ಆನ್‌ಕಾಲ್, ಅಂದರೆ ರಾತ್ರಿ ಸರ್ವರ್ ಕೆಟ್ಟರೆ ಎದ್ದು ನೋಡುವ ಸರದಿ, ಯಾರ ನಿದ್ದೆ ಕೆಡಿಸುತ್ತಿದೆ ಎಂದು ತಿಳಿಯುತ್ತದೆ. ಜನ ಕೆಲಸ ಬಿಡುವ ಕಾರಣಗಳು ಇಂಥ ಕಡೆಯೇ ಹುಟ್ಟುವುದು. ರಾಜೀನಾಮೆ ಪತ್ರದಲ್ಲಿ ಅವು ಕಾಣಿಸುವುದಿಲ್ಲ.

ಎಚ್ಚರಿಕೆ: ಹೆಸರು ಕೇಳಿ ಮೋಸ ಹೋಗಬೇಡಿ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಕೋಡ್ ಬರೆಯುವ ಭಾಷೆಗಳು, ಎರಡೂ 1995ರಲ್ಲಿ ಹೊರಬಂದವು. ಹೆಸರು ಬಿಟ್ಟರೆ ಇಬ್ಬರಿಗೂ ನೆಂಟಸ್ತಿಕೆ ಕಡಿಮೆ. ಒಂದು ಬಂದವರಿಗೆ ಇನ್ನೊಂದು ಬಂದೇ ಬರುತ್ತದೆ ಎಂದುಕೊಂಡು ಫೋನ್ ಮಾಡಿದರೆ ಆ ಕಡೆಯವರಿಗೆ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ. ಹಾಗೆಯೇ ಕುಬರ್‌ನೆಟಿಸ್ ಎಂಬ ತಂತ್ರಾಂಶ ಹೊರಬಂದದ್ದು 2014ರಲ್ಲಿ. 2020ರ ಜಾಹೀರಾತಿನಲ್ಲಿ ಅದರಲ್ಲಿ 10 ವರ್ಷದ ಅನುಭವ ಕೇಳಿದರೆ ನಗೆಪಾಟಲು, ಅಲ್ವಾ? ಯಾವುದೇ ತಂತ್ರಜ್ಞಾನದ ಹೆಸರು ಬರೆಯುವ ಮುಂಚೆ ಅದು ಹುಟ್ಟಿದ ವರ್ಷ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

ಹಂತ 2: ನೇಮಕಾತಿಯನ್ನು ಸರಿಯಾಗಿ ಕಲಿಯಿರಿ

ಮುಂದೆ ನೀವು ಯಾವ ಕೋಣೆಗೆ ಹೋದರೂ ಇಲ್ಲಿ ಕಲಿತದ್ದು ಕೆಲಸಕ್ಕೆ ಬರುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಹೈರಿಂಗ್ ಮ್ಯಾನೇಜರ್, ಅಂದರೆ ತನ್ನ ತಂಡಕ್ಕೆ ಜನ ಬೇಕೆಂದು ಕೇಳಿದವರು, ನಿಮಗೆ ಒಂದು ಜೆಡಿ ಕಳಿಸುತ್ತಾರೆ. ಜೆಡಿ ಅಂದರೆ ಹುದ್ದೆಯ ವಿವರ. ಅದನ್ನು ಹಾಗೇ ಜಾಹೀರಾತಿಗೆ ಹಾಕಬೇಡಿ. ಹೆಚ್ಚಿನ ಜೆಡಿಗಳು ಹಳೆಯ ಜೆಡಿಯ ನಕಲು. ಅವರ ಎದುರು ಕೂತು ಕೇಳಿ: "ಸೇರಿದ ಆರು ತಿಂಗಳಿಗೆ ಇವರು ಏನು ಮಾಡಿ ಮುಗಿಸಿದ್ದರೆ ನಿಮಗೆ ಸಮಾಧಾನ?" ಅದಕ್ಕೆ ಬರುವ ಉತ್ತರವೇ ನಿಜವಾದ ಜೆಡಿ. ಉತ್ತರ ಬರದಿದ್ದರೆ ಅವರಿಗೇ ಯಾರು ಬೇಕೆಂದು ಗೊತ್ತಿಲ್ಲ. ಹಾಗೆ ಹುಡುಕಲು ಹೊರಟರೆ ಇಪ್ಪತ್ತು ಜನರನ್ನು ತೋರಿಸಿದ ಮೇಲೂ "ಇನ್ನೂ ನೋಡೋಣ" ಎನ್ನುತ್ತಾರೆ.

ಸಂದರ್ಶನದ ವಿಷಯಕ್ಕೆ ಬರೋಣ. ಎಲ್ಲ ಅಭ್ಯರ್ಥಿಗಳಿಗೂ ಅವವೇ ಪ್ರಶ್ನೆ, ಮೊದಲೇ ಬರೆದಿಟ್ಟ ಅಂಕದ ಅಳತೆ. ಇದನ್ನು ಸ್ಟ್ರಕ್ಚರ್ಡ್ ಇಂಟರ್‌ವ್ಯೂ ಎನ್ನುತ್ತಾರೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ 1998ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಾರು ಕೆಲಸ ಚೆನ್ನಾಗಿ ಮಾಡುತ್ತಾರೆ ಎಂದು ಮುಂಚೆಯೇ ಅಂದಾಜು ಮಾಡಲು ಹೀಗೆ ಕಟ್ಟುನಿಟ್ಟಾಗಿ ನಡೆಸಿದ ಸಂದರ್ಶನವೇ ಹರಟೆಯಂಥ ಸಂದರ್ಶನಕ್ಕಿಂತ ಮೇಲು ಎಂದು ಅದರಲ್ಲಿ ಕಂಡುಬಂತು. ಬರೀ ಅನುಭವದ ವರ್ಷಗಳ ಲೆಕ್ಕದಿಂದ ತಿಳಿಯುವುದು ಕಡಿಮೆ ಎಂದೂ ಗೊತ್ತಾಯಿತು. ಆದರೂ ನಾವು ಜಾಹೀರಾತಿನ ಮೊದಲ ಸಾಲಿನಲ್ಲೇ "8ರಿಂದ 12 ವರ್ಷ" ಎಂದು ಬರೆಯುತ್ತೇವೆ!

ಒಗಟಿನ ಪ್ರಶ್ನೆಗಳ ಕಾಲವೂ ಮುಗಿಯಿತು. "ಒಂದು ವಿಮಾನದಲ್ಲಿ ಎಷ್ಟು ಟೆನಿಸ್ ಚೆಂಡು ಹಿಡಿಯುತ್ತವೆ" ಎನ್ನುವಂಥವು. ಗೂಗಲ್‌ನ ಜನರ ವಿಭಾಗದ ಅಂದಿನ ಮುಖ್ಯಸ್ಥ ಲಾಸ್ಲೋ ಬಾಕ್, ಅವು ಸುಮ್ನೆ ಟೈಮ್ ವೇಸ್ಟ್ ಎಂದು 2013ರಲ್ಲಿ ಬಹಿರಂಗವಾಗಿಯೇ ಹೇಳಿದರು. ನಿಮ್ಮ ಮ್ಯಾನೇಜರ್ ಇನ್ನೂ ಅಂಥ ಪ್ರಶ್ನೆ ಹಿಡಿದುಕೊಂಡಿದ್ದರೆ ಈ ವಿಷಯ ತಿಳಿಸಿ.

ನೀವು ಜಾರಿಗೆ ತರಬಹುದಾದ ಒಂದು ಸಣ್ಣ ನಿಯಮ ಇದೆ. ಸಂದರ್ಶನ ಮಾಡಿದವರು ಪರಸ್ಪರ ಮಾತಾಡುವ ಮುಂಚೆ ಅವರವರ ಅಂಕ ಬರೆದು ಕಳಿಸಿರಬೇಕು. ಇಲ್ಲದಿದ್ದರೆ ಕೋಣೆಯಲ್ಲಿ ದೊಡ್ಡ ಹುದ್ದೆಯವರು ಮೊದಲು ಬಾಯಿ ಬಿಡುತ್ತಾರೆ, ಉಳಿದವರು ಗೋಣು ಆಡಿಸುತ್ತಾರೆ.

ಎಚ್ಚರಿಕೆ: ಬಾಯಿಮಾತಿನ ಭರವಸೆ ಕೊಡಬೇಡಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಹೊಸಬನಾಗಿದ್ದಾಗ ಮ್ಯಾನೇಜರ್ ಹೇಳಿದರೆಂದು "ಆರು ತಿಂಗಳಿಗೆ ಸಂಬಳ ಏರಿಸ್ತಾರೆ" ಎಂದು ಒಬ್ಬ ಅಭ್ಯರ್ಥಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಆರು ತಿಂಗಳಿಗೆ ಆ ಮ್ಯಾನೇಜರೇ ಕಂಪನಿಯಲ್ಲಿರಲಿಲ್ಲ. ಆ ಅಭ್ಯರ್ಥಿ ನನ್ನನ್ನು ಹುಡುಕಿಕೊಂಡು ಬಂದ, ನನ್ನ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಅಂದಿನಿಂದ ಆಫರ್ ಲೆಟರ್‌ನಲ್ಲಿ ಇಲ್ಲದ್ದನ್ನು ನಾನು ಬಾಯಲ್ಲೂ ಹೇಳುವುದಿಲ್ಲ.

ಇನ್ನೊಂದು: ಆಯ್ಕೆಯಾಗದವರಿಗೆ "ಆಗಲಿಲ್ಲ" ಎಂದು ತಿಳಿಸಿ. ಎರಡು ಸಾಲು ಸಾಕು. ಇವತ್ತು ನೀವು ಉತ್ತರ ಕೊಡದೆ ಬಿಟ್ಟವರು ಹತ್ತು ವರ್ಷದ ಮೇಲೆ ನೀವು ಅರ್ಜಿ ಹಾಕುವ ಕಂಪನಿಯಲ್ಲಿ ನಿರ್ದೇಶಕರಾಗಿ ಕೂತಿರಬಹುದು. ಈ ಉದ್ಯಮ ಹೊರಗಿನಿಂದ ಕಂಡಷ್ಟು ದೊಡ್ಡದಲ್ಲ.

ಹಂತ 3: ಮೂರ್ನಾಲ್ಕು ವರ್ಷಕ್ಕೆ ರಿಕ್ರೂಟಿಂಗ್ ಕೋಣೆಯಿಂದ ಒಂದು ಕಾಲು ಹೊರಗಿಡಿ

"ಐದು ವರ್ಷದಿಂದ ರಿಕ್ರೂಟರ್, ಮುಂದೇನು?" ಎಂದು ಕೇಳಿದವರಿಗೆ ಇದು ಉತ್ತರ. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ತೆಗೆಯಿತು. ಮುಂದಿನ ವರ್ಷ ಕಡಿಮೆ ಜನರನ್ನು ಸೇರಿಸಿಕೊಳ್ಳುವುದರಿಂದ ನೇಮಕಾತಿ ತಂಡಕ್ಕೆ ಪೆಟ್ಟು ಜಾಸ್ತಿ ಎಂದು ಅದರ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ನೌಕರರಿಗೆ ಬರೆದ ಪತ್ರದಲ್ಲೇ ಹೇಳಿದ್ದರು. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000, ಮೈಕ್ರೋಸಾಫ್ಟ್ 10,000 ಹುದ್ದೆ ಕಡಿತ ಪ್ರಕಟಿಸಿದವು. ಅದಕ್ಕೂ ಮುಂಚೆ 2000-01ರಲ್ಲಿ ಡಾಟ್ ಕಾಂ ಗುಳ್ಳೆ ಒಡೆದಾಗ, ಅಂದರೆ ಅತಿಯಾಗಿ ಉಬ್ಬಿದ್ದ ಇಂಟರ್‌ನೆಟ್ ಕಂಪನಿಗಳ ಷೇರು ಬೆಲೆ ಕುಸಿದಾಗ, 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಇದೇ ಕತೆ. ಬಡ್ಡಿ ದರ ಕಡಿಮೆಯಿದ್ದು ಹೂಡಿಕೆ ಹಣ ಸುಲಭವಾಗಿ ಸಿಗುವಾಗ ಕಂಪನಿಗಳು ಉಬ್ಬುತ್ತವೆ, ಬಡ್ಡಿ ಏರಿದಾಗ ಕುಗ್ಗುತ್ತವೆ. ಬರೀ ನೇಮಕಾತಿ ಗೊತ್ತಿದ್ದವರು ಆ ಉಬ್ಬರ ಇಳಿತದ ಜೊತೆಗೇ ಒಳಗೆ ಬಂದು ಹೊರಗೆ ಹೋಗುತ್ತಾರೆ.

ರಿಕ್ರೂಟಿಂಗ್ ಬಿಡಿ ಎಂದು ಹೇಳುತ್ತಿಲ್ಲ. ಅದರಲ್ಲೇ ಇಪ್ಪತ್ತು ವರ್ಷ ಮಾಡಿದ ಚುರುಕಿನವರಿದ್ದಾರೆ. ಆದರೆ ಅವರಿಗೂ ಪಕ್ಕದ ಒಂದು ಕೆಲಸ ಬರುತ್ತದೆ.

ದಾಟುವುದು ಹೇಗೆ? "ನನ್ನನ್ನು ಬೇರೆ ತಂಡಕ್ಕೆ ಹಾಕಿ" ಎಂದು ಅರ್ಜಿ ಹಾಕಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ, ಒಳಗಿನವರನ್ನು ಬಿಟ್ಟು ಹೊರಗಿನವರನ್ನೇ ಹುಡುಕುತ್ತಾರೆ. ಅದರ ಬದಲು ಅಪ್ರೈಸಲ್ ಕಾಲ ನೋಡಿ. ಅಪ್ರೈಸಲ್ ಅಂದರೆ ವರ್ಷದ ಕೆಲಸದ ಮೌಲ್ಯಮಾಪನ. ಆ ತಿಂಗಳು ಎಚ್‌ಆರ್‌ಬಿಪಿಗಳಿಗೂ ಸಿ ಅಂಡ್ ಬಿಯವರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ನೇಮಕಾತಿ ಆಗ ತುಸು ತಣ್ಣಗಿದ್ದರೆ "ಒಂದು ತಂಡದ ಪಟ್ಟಿ ನಾನು ನೋಡಿಕೊಡಲಾ?" ಎಂದು ಕೇಳಿ. ಎರಡು ಸಲ ಹಾಗೆ ಮಾಡಿಕೊಟ್ಟವರ ಹೆಸರು ಮೂರನೇ ಸಲ ಹುದ್ದೆ ಖಾಲಿಯಾದಾಗ ತಾನಾಗಿಯೇ ಬರುತ್ತದೆ.

ಹಂತ 4: ಲೆಕ್ಕ ಕಲಿಯಿರಿ

ಎಚ್‌ಆರ್‌ನವರು ಮೀಟಿಂಗಿನಲ್ಲಿ ಮೂಲೆಗೆ ಸರಿಯುವುದು ಲೆಕ್ಕ ಬಂದಾಗ. ದೊಡ್ಡ ಗಣಿತವೇನಲ್ಲ.

ಅಟ್ರಿಷನ್ ಅಂದರೆ ಕೆಲಸ ಬಿಟ್ಟು ಹೋದವರ ಪ್ರಮಾಣ. ವರ್ಷದ ಶುರುವಿಗೆ 200 ಜನ, ಕೊನೆಗೆ 220 ಜನ. ಸರಾಸರಿ 210. ಬಿಟ್ಟು ಹೋದವರು 21. ಅಂದರೆ 10 ಶೇಕಡಾ. ಇಷ್ಟು ಯಾರಾದರೂ ಹಾಕುತ್ತಾರೆ. ನಿಮ್ಮ ಕೆಲಸ ಇದರ ಮುಂದಿನದು. ಆ 21 ಜನರಲ್ಲಿ ಎಷ್ಟು ಮಂದಿ ಹೋದದ್ದು ಕಂಪನಿಗೆ ನಿಜವಾಗಿ ನೋವಾಯಿತು? ಎಷ್ಟು ಮಂದಿ ಒಂದೇ ಮ್ಯಾನೇಜರ್ ಕೆಳಗಿದ್ದರು? ಎಷ್ಟು ಮಂದಿ ಸೇರಿದ ಒಂದು ವರ್ಷದೊಳಗೇ ಹೋದರು? ಒಂದು ವರ್ಷದೊಳಗೆ ಹೋದವರು ಜಾಸ್ತಿ ಇದ್ದರೆ ಮೊದಲು ನೇಮಕಾತಿಯನ್ನು ಅನುಮಾನಿಸಿ. ಸೇರಿಸಿಕೊಳ್ಳುವಾಗ ಹೇಳಿದ್ದೊಂದು, ಕೊಟ್ಟದ್ದೊಂದು ಆಗಿರಬಹುದು.

ಎಚ್ಚರಿಕೆ: ಸಣ್ಣ ತಂಡಕ್ಕೆ ಶೇಕಡಾ ಹಾಕಬೇಡಿ. ಐದು ಜನರ ತಂಡದಲ್ಲಿ ಒಬ್ಬರು ಹೋದರೆ 20 ಶೇಕಡಾ ಎಂದು ಕೆಂಪು ಬಣ್ಣದಲ್ಲಿ ಬರುತ್ತದೆ. ಆ ಒಬ್ಬರು ಮೇಲಿನ ಓದಿಗೆ ಹೋಗಿರಬಹುದು, ಅಷ್ಟೇ.

ಸಂಬಳದಲ್ಲಿ ಎರಡು ಪದ ಗೊತ್ತಿರಲಿ. ಬ್ಯಾಂಡ್ ಅಂದರೆ ಒಂದು ಹುದ್ದೆಗೆ ಇಟ್ಟ ಕನಿಷ್ಠದಿಂದ ಗರಿಷ್ಠದ ವ್ಯಾಪ್ತಿ. ಕಂಪಾ ರೇಶಿಯೋ ಅಂದರೆ ಒಬ್ಬರ ಸಂಬಳವನ್ನು ಆ ಬ್ಯಾಂಡಿನ ನಡುಬಿಂದುವಿನಿಂದ ಭಾಗಿಸಿದರೆ ಬರುವ ಸಂಖ್ಯೆ. 1 ಬಂದರೆ ನಡುವಿನಲ್ಲಿದ್ದಾರೆ, 0.8 ಬಂದರೆ ಹಿಂದೆ ಬಿದ್ದಿದ್ದಾರೆ. ಹಳಬರ ಸಂಖ್ಯೆ 0.85, ಅದೇ ಕೆಲಸಕ್ಕೆ ನಿನ್ನೆ ಸೇರಿದವರದ್ದು 1.1. ಇದು ತುಂಬಾ ಕಡೆ ಕಾಣುವ ಕಾಯಿಲೆ. ಹಳಬರಿಗೆ ಒಂದಲ್ಲ ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಅವರು ರಾಜೀನಾಮೆ ಕೊಡುವ ಮುಂಚೆ ಈ ಪಟ್ಟಿ ಮಾಡಿ ಮೇಲಿನವರಿಗೆ ತೋರಿಸಿದ ಎಚ್‌ಆರ್‌ನವರನ್ನು ಆಮೇಲೆ ಎಲ್ಲ ಮೀಟಿಂಗಿಗೂ ಕರೆಯುತ್ತಾರೆ.

ಇನ್ನೊಂದು ಷೇರಿನ ಲೆಕ್ಕ. ಟೆಕ್ ಕಂಪನಿಗಳು ಸಂಬಳದ ಜೊತೆ ಷೇರು ಕೊಡುವುದುಂಟು. ಅದು ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. ಬಹಳ ಕಡೆ ಇರುವ ರೂಢಿ 4 ವರ್ಷ, ಮೊದಲ ಒಂದು ವರ್ಷ ಏನೂ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಕೈಗೆ ಬರುವುದಕ್ಕೆ ವೆಸ್ಟಿಂಗ್ ಎಂದು, ಆ ಮೊದಲ ವರ್ಷದ ಕಾಯುವಿಕೆಗೆ ಕ್ಲಿಫ್ ಎಂದು ಹೆಸರು. 4,800 ಷೇರು ಎಂದು ಹೇಳಿದ್ದರೆ ವರ್ಷ ಮುಗಿದ ದಿನ 1,200, ಆಮೇಲೆ ತಿಂಗಳಿಗೆ 100ರಂತೆ 36 ತಿಂಗಳು. ಹನ್ನೊಂದನೇ ತಿಂಗಳಿಗೆ ಕೆಲಸ ಬಿಟ್ಟರೆ ಸೊನ್ನೆ. ಇದನ್ನು ಅಭ್ಯರ್ಥಿಗೆ ಹೀಗೇ ಬಿಡಿಸಿ ಹೇಳಿ. "ಷೇರು ಮುಂದೆ ಹತ್ತು ಪಟ್ಟು ಆಗುತ್ತೆ" ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ.

ಹಂತ 5: ಮ್ಯಾನೇಜರ್‌ಗಳ ನಡುವೆ ಬದುಕಲು ಕಲಿಯಿರಿ

ಐದಾರು ವರ್ಷದ ಹೊತ್ತಿಗೆ ನೀವು ಎಚ್‌ಆರ್‌ಬಿಪಿ ಆದಿರಿ ಎಂದುಕೊಳ್ಳೋಣ. ಇದು ಅತ್ತ ದರಿ ಇತ್ತ ಪುಲಿ ಎನ್ನುವಂಥ ಜಾಗ. ನೌಕರರು ನಿಮ್ಮನ್ನು ಕಂಪನಿಯ ಕಡೆಯವರು ಎನ್ನುತ್ತಾರೆ, ಮ್ಯಾನೇಜರ್‌ಗಳು ನೌಕರರ ಕಡೆಯವರು ಎನ್ನುತ್ತಾರೆ. ನಿಮಗೆ ಸಂಬಳ ಕೊಡುವುದು ಕಂಪನಿ. ಅದನ್ನು ಮುಚ್ಚಿಟ್ಟು "ನಾನು ನಿಮ್ಮವನೇ" ಎಂದು ನೌಕರರಿಗೆ ಹೇಳಿಕೊಂಡು ತಿರುಗಿದರೆ ಒಂದು ದಿನ ಸಿಕ್ಕಿಬೀಳುತ್ತೀರಿ. ಆದರೆ ಕಂಪನಿಗೆ ಕೇಳಲು ಇಷ್ಟವಿಲ್ಲದ ಸತ್ಯವನ್ನು ಹೇಳುವುದೂ ಆ ಸಂಬಳದ ಕೆಲಸದೊಳಗೇ ಬರುತ್ತದೆ.

ಮ್ಯಾನೇಜರ್ ಬೇಕಾ ಬೇಡವಾ ಎಂದು ಗೂಗಲ್ ಕಂಪನಿಯೇ 2008ರಲ್ಲಿ ಒಂದು ಅಧ್ಯಯನ ಶುರು ಮಾಡಿತು. ಪ್ರಾಜೆಕ್ಟ್ ಆಕ್ಸಿಜನ್ ಎಂದು ಅದರ ಹೆಸರು. ಎಂಜಿನಿಯರ್‌ಗಳಿಗೆ ಮ್ಯಾನೇಜರ್ ಮುಖ್ಯವಲ್ಲ ಎಂದು ತೋರಿಸಲು ಹೊರಟವರಿಗೆ ಸಿಕ್ಕಿದ್ದು ತಿರುಗುಮುರುಗು ಉತ್ತರ. ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳ ಪಟ್ಟಿ ಮಾಡಿದರು. ಮೊದಲನೆಯದು ಚೆನ್ನಾಗಿ ಕಲಿಸುವುದು, ತಾಂತ್ರಿಕ ಜಾಣ್ಮೆ ಎಂಟನೆಯದು. ಬರೀ ಚೆನ್ನಾಗಿ ಕೋಡ್ ಬರೆಯುತ್ತಾರೆ ಎಂದು ಒಬ್ಬರನ್ನು ಮ್ಯಾನೇಜರ್ ಮಾಡಲು ಹೊರಟಾಗ ಈ ಪಟ್ಟಿ ತೆಗೆದು ಮೇಜಿನ ಮೇಲಿಡಿ.

ಅಪ್ರೈಸಲ್ ವಿಷಯ. ಇಂತಿಷ್ಟು ಜನ ಮೇಲೆ, ಇಂತಿಷ್ಟು ಜನ ಕೆಳಗೆ ಇರಲೇಬೇಕು ಎಂದು ಒತ್ತಾಯದಿಂದ ಶ್ರೇಣಿ ಹಾಕುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಅಡೋಬಿ 2012ರಲ್ಲೇ ವರ್ಷಕ್ಕೊಮ್ಮೆಯ ಅಪ್ರೈಸಲ್ ತೆಗೆದು ಆಗಾಗ ಮಾತಾಡುವ ಪದ್ಧತಿ ತಂದಿತು. ನಿಮ್ಮ ಕಂಪನಿ ಯಾವುದನ್ನೇ ಇಟ್ಟುಕೊಂಡಿರಲಿ, ಒಂದು ಕೆಲಸ ಮಾತ್ರ ಮಾಡಬೇಡಿ. ಮ್ಯಾನೇಜರ್ ಪರವಾಗಿ ಅವರ ತಂಡದವರ ಬಗ್ಗೆ ನೀವು ಅಭಿಪ್ರಾಯ ಬರೆದುಕೊಡಬೇಡಿ. "ನಂಗೆ ಟೈಮ್ ಇಲ್ಲ, ನೀವೇ ಏನಾದ್ರೂ ಹಾಕಿ" ಎಂದು ಕೇಳುತ್ತಾರೆ. ಒಮ್ಮೆ ಬರೆದರೆ ಆ ಮಾತಿಗೆಲ್ಲ ನೀವೇ ಜವಾಬ್ದಾರರು.

ಪಿಐಪಿ, ಅಂದರೆ ಕೆಲಸ ಸುಧಾರಿಸಿಕೊಳ್ಳಲು ಬರೆದುಕೊಡುವ ಗಡುವು, ಅದರ ಬಗ್ಗೆಯೂ ಹೀಗೇ. ಮ್ಯಾನೇಜರ್ ಆಗಲೇ ತೆಗೆಯಲು ತೀರ್ಮಾನಿಸಿ ಕಾಗದಕ್ಕಾಗಿ ಪಿಐಪಿ ಕೇಳುತ್ತಿದ್ದಾರಾ? ಒಂದೇ ಪ್ರಶ್ನೆ ಹಾಕಿ: "ಈ ಗಡುವಿನೊಳಗೆ ಇವರು ಎಲ್ಲವನ್ನೂ ಮಾಡಿದರೆ ಇಟ್ಟುಕೊಳ್ಳುತ್ತೀರಾ?" ತಡವರಿಸಿದರೆ ಅದು ಪಿಐಪಿ ಅಲ್ಲ, ನಾಟಕ. ನಾಟಕಕ್ಕೆ ನಿಮ್ಮ ಸಹಿ ಬೇಡ.

ಈಗ ದೂರುಗಳು. ಯಾರಾದರೂ ಬಂದು ಬಾಗಿಲು ಹಾಕಿ "ಯಾರಿಗೂ ಹೇಳಬೇಡಿ, ಒಂದು ವಿಷಯ ಇದೆ" ಎನ್ನುತ್ತಾರೆ. ಹೊಸಬರು ಎಡವುವುದು ಇಲ್ಲೇ. "ಖಂಡಿತ ಹೇಳಲ್ಲ" ಎಂದುಬಿಡುತ್ತಾರೆ. ಬಂದ ವಿಷಯ ಲೈಂಗಿಕ ಕಿರುಕುಳದ್ದಾದರೆ, ಹಣದ ಮೋಸದ್ದಾದರೆ, ಕೇಳಿಯೂ ಸುಮ್ಮನಿರಲು ನಿಮಗೆ ಆಗುವುದಿಲ್ಲ, ಎಷ್ಟೋ ದೇಶಗಳಲ್ಲಿ ಕಾನೂನೂ ಬಿಡುವುದಿಲ್ಲ. ಆಗ ನಿಮ್ಮ ಮಾತು ತಪ್ಪಿತು, ಅವರ ನಂಬಿಕೆಯೂ ಹೋಯಿತು. ಅವರು ಬಾಯಿ ತೆರೆಯುವ ಮುಂಚೆಯೇ ಹೇಳಿ: "ಕೆಲವು ವಿಷಯ ಕೇಳಿದ ಮೇಲೆ ನಾನು ಮುಂದಕ್ಕೆ ತಿಳಿಸಲೇಬೇಕಾಗುತ್ತದೆ. ತಿಳಿಯಬೇಕಾದವರಿಗೆ ಬಿಟ್ಟು ಬೇರೆಯವರಿಗೆ ತಿಳಿಯದ ಹಾಗೆ ನೋಡಿಕೊಳ್ಳುತ್ತೇನೆ." ಅಷ್ಟಾದ ಮೇಲೂ ಬಹಳ ಮಂದಿ ಹೇಳಿಯೇ ಹೇಳುತ್ತಾರೆ.

ಕೇಳಿದ ದಿನವೇ ಬರೆದಿಡಿ. ತಾರೀಕು, ಸಮಯ, ಅವರು ಬಳಸಿದ ಪದಗಳು. "ತುಂಬಾ ನೊಂದಿದ್ದರು" ಎಂದು ಬರೆಯಬೇಡಿ, "ಮಾತಿನ ನಡುವೆ ಎರಡು ಸಲ ನಿಲ್ಲಿಸಿದರು" ಎಂದು ಬರೆಯಿರಿ. ಆರೋಪ ಹೊತ್ತವರ ಮಾತನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಿ. ಮೂರು ವರ್ಷದ ಮೇಲೆ ವಕೀಲರು ಆ ಹಾಳೆ ಓದಬಹುದು ಎಂದುಕೊಂಡೇ ಬರೆಯಿರಿ.

ಹಂತ 6: ಕೆಟ್ಟ ದಿನಗಳಿಗೆ ತಯಾರಾಗಿ

ಇಪ್ಪತ್ತು ವರ್ಷದಲ್ಲಿ ಲೇಆಫ್, ಅಂದರೆ ಸಾಮೂಹಿಕ ಕಡಿತ, ಕೊನೆಪಕ್ಷ ಎರಡು ಮೂರು ಸಲ ನಿಮ್ಮ ಕೈಯಿಂದಲೇ ಆಗುತ್ತದೆ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಂ ಎಂಬ ಕಂಪನಿ ಸುಮಾರು 900 ಜನರನ್ನು ಒಂದೇ ಝೂಮ್ ಕರೆಯಲ್ಲಿ ಕೆಲಸದಿಂದ ತೆಗೆಯಿತು. ಆ ವಿಡಿಯೋ ಜಗತ್ತೆಲ್ಲ ಸುತ್ತಿತು. ಹೇಗೆ ಮಾಡಬಾರದು ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ನಿಮ್ಮ ಕೈಯಲ್ಲಿ ಇರುವುದು ಇಷ್ಟು. ಪಟ್ಟಿಯನ್ನು ಎರಡು ಸಲ ಪರಿಶೀಲಿಸಿ: ಒಂದೇ ವಯಸ್ಸಿನವರು, ಒಂದೇ ಹಿನ್ನೆಲೆಯವರು, ಹೆರಿಗೆ ರಜೆಯಲ್ಲಿ ಇರುವವರು ಅದರಲ್ಲಿ ಜಾಸ್ತಿ ಬಿದ್ದಿದ್ದರೆ ಯಾಕೆ ಎಂದು ಕೇಳಿ. ಮುಂಚಿತ ನೋಟಿಸ್, ಪರಿಹಾರದ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ವಕೀಲರು ನೋಡಿ ಒಪ್ಪದ ಹೊರತು ಒಂದು ಪತ್ರವೂ ಹೊರಡಬಾರದು. ವಿಷಯ ತಿಳಿಸುವ ಮುಂಚೆ ಲಾಗಿನ್ ಬಂದ್ ಆಗದಂತೆ ಐಟಿ ವಿಭಾಗದ ಜೊತೆ ಗಂಟೆ, ನಿಮಿಷ ಗೊತ್ತುಮಾಡಿಕೊಳ್ಳಿ. ಪಾಸ್‌ವರ್ಡ್ ಕೆಲಸ ಮಾಡದೆ ಸುದ್ದಿ ತಿಳಿಯುವುದಕ್ಕಿಂತ ಹೀನ ಇನ್ನೊಂದಿಲ್ಲ. ಕೆಲಸದ ವೀಸಾ ಮೇಲೆ ಬೇರೆ ದೇಶದಿಂದ ಬಂದಿರುವವರ ಪಟ್ಟಿ ಬೇರೆಯಾಗಿ ಇಟ್ಟುಕೊಳ್ಳಿ, ಕೆಲಸ ಹೋದರೆ ಅಲ್ಲಿ ಇರಲು ಅವರಿಗೆ ಉಳಿಯುವುದು ಎಣಿಸಿದ ದಿನಗಳು. ಸುದ್ದಿಯನ್ನು ಮೊದಲ ಎರಡು ವಾಕ್ಯದಲ್ಲೇ ಹೇಳಿ. ಹವಾಮಾನ ಮಾತಾಡುತ್ತಾ ಕೂರಬೇಡಿ.

ಆಮೇಲೆ ಉಳಿದವರು. ಮರುದಿನ ಅವರು ಕೇಳುವುದು ಒಂದೇ, "ಇನ್ನೂ ಇದೆಯಾ?" ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎನ್ನಿ. "ಇನ್ನಿಲ್ಲ" ಎಂದು ಹೇಳಿ ಮೂರು ತಿಂಗಳಿಗೆ ಮತ್ತೆ ಮಾಡಿದರೆ ಆ ಕಂಪನಿಯಲ್ಲಿ ನಿಮ್ಮ ಮಾತು ಮುಗಿಯಿತು.

ಪಟ್ಟಿ ಮಾಡಿದ ಎಚ್‌ಆರ್‌ನವರೇ ಕೊನೆಯ ಸಾಲಿನಲ್ಲಿ ತಮ್ಮ ಹೆಸರು ನೋಡಿದ್ದೂ ಉಂಟು. ಆರು ತಿಂಗಳ ಮನೆ ಖರ್ಚು ಕೈಯಲ್ಲಿಟ್ಟುಕೊಂಡೇ ಈ ಕೆಲಸ ಮಾಡಿ. ಕೈಯಲ್ಲಿ ಹಣವಿದ್ದರೆ ಮೇಲಿನವರಿಗೆ "ಇದು ತಪ್ಪು" ಎಂದು ಹೇಳಲು ಧೈರ್ಯ ಬರುತ್ತದೆ, ನಾನು ಕಂಡಂತೆ.

ಹಂತ 7: ಎಐ ಮತ್ತು ನಿಮ್ಮ ಕೆಲಸ

ಮೂರನೇ ಪ್ರಶ್ನೆಗೆ ಬಂದೆವು. ರೆಸ್ಯೂಮೆ ಜರಡಿ ಹಿಡಿಯುವುದು, ಸಂದರ್ಶನದ ಸಮಯ ಹೊಂದಿಸುವುದು, "ನನಗೆ ಎಷ್ಟು ರಜೆ ಉಳಿದಿದೆ" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಆಗಲೇ ಯಂತ್ರದ ಪಾಲಾಗುತ್ತಿದೆ. ಬರೀ ಇಷ್ಟೇ ಮಾಡುವವರಿಗೆ ಕಷ್ಟ, ಸುಳ್ಳು ಹೇಳುವುದಿಲ್ಲ.

ಆದರೆ ಯಂತ್ರವನ್ನು ನೋಡಿಕೊಳ್ಳುವವರು ಬೇಕು. ಅಮೆಜಾನ್ ಹತ್ತು ವರ್ಷದ ರೆಸ್ಯೂಮೆಗಳನ್ನು ಕೊಟ್ಟು ಒಂದು ನೇಮಕಾತಿ ಉಪಕರಣ ತಯಾರಿಸಲು ನೋಡಿತ್ತು. ಆ ರೆಸ್ಯೂಮೆಗಳು ಹೆಚ್ಚಾಗಿ ಗಂಡಸರವು. ಉಪಕರಣ ಅದನ್ನೇ ಕಲಿತು, ಮಹಿಳೆಯರದ್ದು ಎಂದು ತೋರಿಸುವ ಪದವಿದ್ದ ರೆಸ್ಯೂಮೆಗಳನ್ನು ಕೆಳಕ್ಕೆ ತಳ್ಳತೊಡಗಿತು. ಕೊನೆಗೆ ಅದನ್ನು ಕೈಬಿಟ್ಟರು. 2018ರಲ್ಲಿ ಈ ಸುದ್ದಿ ಹೊರಬಂತು. ನ್ಯೂಯಾರ್ಕ್ ನಗರ 2023ರ ಜುಲೈನಿಂದ ಇಂಥ ಉಪಕರಣಗಳಿಗೆ ಪಕ್ಷಪಾತದ ತಪಾಸಣೆ ಕಡ್ಡಾಯ ಮಾಡಿತು. 2024ರಲ್ಲಿ ಜಾರಿಗೆ ಬಂದ ಯುರೋಪಿನ ಎಐ ಕಾನೂನು ನೇಮಕಾತಿಗೆ ಬಳಸುವ ಎಐಯನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸಿದೆ.

ಹಾಗಾಗಿ ಯಾರಾದರೂ ಇಂಥ ಉಪಕರಣ ಮಾರಲು ಬಂದರೆ ಕೇಳಿ: ಯಾರ ಡೇಟಾದಿಂದ ಕಲಿಸಿದ್ದೀರಿ? ಒಬ್ಬರನ್ನು ಯಾಕೆ ಬಿಟ್ಟಿತು ಎಂದು ತೋರಿಸುತ್ತದಾ? ನಮ್ಮ ಡೇಟಾ ಎಲ್ಲಿ ಉಳಿಯುತ್ತದೆ? ಈ ಮೂರು ಪ್ರಶ್ನೆ ಕೇಳಬಲ್ಲ ಎಚ್‌ಆರ್‌ನವರು ಇನ್ನೂ ಕಡಿಮೆ ಇದ್ದಾರೆ.

ಎಚ್ಚರಿಕೆ: ನೌಕರರ ಸಂಬಳ, ಕಾಯಿಲೆ, ದೂರಿನ ವಿವರವನ್ನು ಹೊರಗಿನ ಚಾಟ್‌ಬಾಟ್‌ಗೆ ಹಾಕಿ "ಇದನ್ನು ಚೆನ್ನಾಗಿ ಬರೆದುಕೊಡು" ಎನ್ನಬೇಡಿ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಜಿಡಿಪಿಆರ್ ಕಾನೂನಿನ ನಂತರ ಬೇರೆ ಎಷ್ಟೋ ದೇಶಗಳೂ ವೈಯಕ್ತಿಕ ಮಾಹಿತಿಗೆ ಕಾವಲು ಹಾಕಿವೆ. ಒಂದು ಸಲ ಹೊರಗೆ ಹೋದದ್ದು ವಾಪಸ್ ಬರುವುದಿಲ್ಲ.

ಹಂತ 8: ಹತ್ತು ವರ್ಷದ ಆಚೆ

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಸಂಬಳದ ಲೆಕ್ಕವೋ, ನೇಮಕಾತಿಯೋ, ಯಾವುದೋ ಒಂದರಲ್ಲಿ ಆಳಕ್ಕೆ ಹೋಗಬಹುದು. ಎಲ್ಲವನ್ನೂ ನೋಡುವ ಮುಖ್ಯಸ್ಥರಾಗಬಹುದು. ಇಲ್ಲವೇ ಸ್ಟಾರ್ಟಪ್ ಒಂದರ ಮೊದಲ ಎಚ್‌ಆರ್ ಆಗಬಹುದು. ಮೂರನೆಯದನ್ನು ಒಮ್ಮೆಯಾದರೂ ಮಾಡಿ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ರಜೆಯ ನಿಯಮವನ್ನೂ ನೀವೇ ಬರೆಯಬೇಕು, ಸ್ಥಾಪಕರ ಗೆಳೆಯನಿಗೆ "ಈ ಹುದ್ದೆ ನಿಮ್ಮಿಂದ ಆಗುತ್ತಿಲ್ಲ" ಎಂದೂ ನೀವೇ ಹೇಳಬೇಕು. ಸೇರುವ ಮುಂಚೆ ಸ್ಥಾಪಕರನ್ನು ಕೇಳಿ: "ಹೋದ ಸಲ ಒಬ್ಬರನ್ನು ತೆಗೆದಾಗ ಹೇಗೆ ತೆಗೆದಿರಿ?" ಆ ಉತ್ತರದಲ್ಲಿ ಕಂಪನಿಯ ಗುಣ ಅರ್ಧ ಗೊತ್ತಾಗುತ್ತದೆ.

ಎಷ್ಟು ವರ್ಷಕ್ಕೆ ಕಂಪನಿ ಬದಲಿಸಬೇಕು? ಕೊನೆಪಕ್ಷ ಎರಡು ಪೂರ್ತಿ ಅಪ್ರೈಸಲ್ ಸುತ್ತು ಮುಗಿಸಿ. ಮೊದಲನೇ ಸುತ್ತಿನಲ್ಲಿ ನೀವು ನಿಯಮ ಮಾಡುತ್ತೀರಿ, ಎರಡನೆಯದರಲ್ಲಿ ಅದರ ಫಲ ಉಣ್ಣುತ್ತೀರಿ. ಹದಿನಾಲ್ಕು ತಿಂಗಳಿಗೊಮ್ಮೆ ಹಾರಿದವರು ತಾವು ಮಾಡಿದ ತಪ್ಪನ್ನು ಎಂದೂ ನೋಡಿರುವುದಿಲ್ಲ. ಅನುಭವಿ ಮುಖ್ಯಸ್ಥರು ರೆಸ್ಯೂಮೆಯಲ್ಲಿ ಮೊದಲು ನೋಡುವುದೇ ಒಂದೊಂದು ಕಡೆ ಎಷ್ಟು ಕಾಲ ನಿಂತಿದ್ದರು ಎನ್ನುವುದನ್ನು.

ಬಿಡುವಾಗ ಒಂದು ಹಾಳೆ ತಯಾರು ಮಾಡಿ. ಇನ್ನೂ ಮುಗಿಯದ ದೂರುಗಳು, ಬರೆದು ಕೊಟ್ಟು ಇನ್ನೂ ಈಡೇರಿಸದ ಭರವಸೆಗಳು, ಮುಂದಿನ ಮೂರು ತಿಂಗಳಲ್ಲಿ ಗಡುವು ಮುಗಿಯುವ ಪಿಐಪಿಗಳು, ವೀಸಾ ತಾರೀಕುಗಳು. ಮುಂದೆ ಬರುವವರ ಜೊತೆ ಕೂತು ಒಂದೊಂದನ್ನೂ ಓದಿ ಹೇಳಿ, ಅವರ ಸಹಿ ಹಾಕಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್, ಫೋನಿನಲ್ಲಿರುವ ನೌಕರರ ಮಾಹಿತಿ ಒಂದನ್ನೂ ಜೊತೆಗೆ ಒಯ್ಯಬೇಡಿ, "ಫಾರ್ಮ್ಯಾಟ್ ಬೇಕಿತ್ತು" ಎಂಬ ನೆಪದಲ್ಲೂ ಬೇಡ. ಹೊರಟ ಎರಡು ವಾರದ ಮೇಲೆ ಹಳೆಯ ಕಂಪನಿಯಿಂದ ಫೋನ್ ಬಂದರೆ ಎತ್ತಿ.